ಗುಡ್ಡದ ಮೇಲೆ ಓಡಿದ ಸೈಕಲ್ ಹೊಲದ ದಾರಿಯಲ್ಲಿ ಯಾಕೆ ನಿಂತಿತು?

ಪ್ರಶ್ನೆ: ಬೀದರ್‌ನಲ್ಲಿ ಕೆಲಸ. 29 ಇಂಚಿನ ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಸೈಕಲ್ ಇದೆ. ಒಂಬತ್ತು ಗೇರು, ಕೇಬಲ್ ಎಳೆಯುವ ಡಿಸ್ಕ್ ಬ್ರೇಕು, ಟ್ಯೂಬ್ ಹಾಕಿದ 2.25 ಇಂಚಿನ ಟೈರು. ನನ್ನ ತೂಕ 72 ಕೆ.ಜಿ. ಶ್ರಾವಣದಲ್ಲಿ ಗುಡ್ಡದ ಅಂಚಿನ ಹಾದಿ ನೋಡಲು ಎರಡು ಕಣ್ಣು ಸಾಲದು. ಹೋದ ವಾರ ಮಳೆ ನಿಂತ ಮರುದಿನ ಬೆಳಿಗ್ಗೆ ಹೋಗಿದ್ದೆ. ಮೇಲೆ ಚೆನ್ನಾಗಿಯೇ ಓಡಿತು. ಕೆಳಗಿಳಿದು ಹೊಲದ ದಾರಿ ಹಿಡಿದು ನೂರು ಮೀಟರ್ ಆಗಿರಲಿಲ್ಲ, ಚಕ್ರ ತಿರುಗುವುದೇ ನಿಂತಿತು. ಜೋರಾಗಿ ತುಳಿದೆ. ಗೇರು ಬದಲಿಸುವ ಹಿಂದಿನ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಿತು. ಬ್ರೇಕ್ ಬೇರೆ ಕಿರುಚುತ್ತದೆ, ಲಿವರ್ ಹ್ಯಾಂಡಲ್‌ಗೆ ತಾಗುವವರೆಗೆ ಬರುತ್ತದೆ. ಮಳೆಗಾಲ ಮುಗಿಯುವ ತನಕ ಸೈಕಲ್ಲನ್ನು ಗೋಡೆಗೆ ಆನಿಸಿ ಇಡಬೇಕೋ, ಬೇರೆ ದಾರಿ ಇದೆಯೋ?

ಉತ್ತರ: ಗೋಡೆಗೆ ಆನಿಸುವ ಅಗತ್ಯವಿಲ್ಲ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮಳೆಯೂ ಅದೇ, ಟೈರೂ ಅದೇ; ಬದಲಾದದ್ದು ಚಕ್ರದ ಕೆಳಗಿನ ಮಣ್ಣು ಮಾತ್ರ. ನಮ್ಮ ಭಾಗದಲ್ಲಿ ಮಳೆಗಾಲದ ಸೈಕ್ಲಿಂಗ್‌ಗೆ ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ಯಾವ ನೆಲದ ಮೇಲೆ ಬಿತ್ತು ಎನ್ನುವುದೇ ಮುಖ್ಯ. ಇದೊಂದು ತಲೆಗೆ ಹೋದರೆ ಹ್ಯಾಂಗರೂ ಉಳಿಯುತ್ತದೆ, ಮಳೆಗಾಲವೂ ಸಿಗುತ್ತದೆ.

ಬೀದರ್ ಪಟ್ಟಣ ಕೂತಿರುವುದು ಸುಮಾರು 700 ಮೀಟರ್ ಎತ್ತರದ ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಕೋಟೆಯ ಕಂದಕ ಕಡಿದಿರುವುದೂ ಇದೇ ಕೆಂಪು ಬಂಡೆಯಲ್ಲಿ. ಈ ಕಲ್ಲಿನ ತುಂಬ ಜೇನುಹುಟ್ಟಿನಂತೆ ತೂತುಗಳಿವೆ, ಬಿದ್ದ ನೀರು ಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಕಲ್ಲು ಸವೆದು ಉದುರಿದ ಗರಸು ಒದ್ದೆಯಾದಾಗ ಒಣಗಿದ್ದಾಗಿಗಿಂತ ಗಟ್ಟಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ಗೋಲಿಗಳಂತೆ ಉರುಳಿ ಚಕ್ರ ಜಾರಿಸುವ ಹರಳುಗಳು ಶ್ರಾವಣದಲ್ಲಿ ಟೈರಿನ ಹಲ್ಲಿಗೆ ಸಿಕ್ಕಿ ಹಿಡಿತ ಕೊಡುತ್ತವೆ. ಹಾಗಾಗಿ ಗುಡ್ಡದ ಮೇಲಿನ ಕೆಂಪು ಹಾದಿ ಜೋರು ಮಳೆ ನಿಂತ ಮೂರು-ನಾಲ್ಕು ತಾಸಿಗೇ ಓಡಿಸಲು ಯೋಗ್ಯವಾಗಿರುತ್ತದೆ. ಸಣ್ಣ ಜಿಟಿಜಿಟಿ ಮಳೆಯಾದರೆ ಕಾಯುವುದೂ ಬೇಡ.

ಒಳಗಿಳಿದ ನೀರು ಕೆಂಪುಕಲ್ಲಿನ ಬುಡದಲ್ಲಿ ಜಿಗುಟು ಜೇಡಿಗೆ ತಾಗಿ ತಡೆಯುತ್ತದೆ. ಅದರ ಕೆಳಗಿರುವ ಕರಿಗಲ್ಲೂ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ತಡೆದ ನೀರು ಗುಡ್ಡದ ಪಕ್ಕೆಯಿಂದ ಜಿನುಗಿ ಹೊರಬರುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿ ಎಂಬ ಹೆಸರುಗಳಲ್ಲೇ ಈ ಒರತೆ ಇದೆ. ಬಹಮನಿ ಕಾಲದಲ್ಲಿ ನೌಬಾದ್‌ನ ಕರೇಜ್ ಎಂಬ ನೀರಿನ ಸುರಂಗ ತೋಡಿದವರು ನೆಚ್ಚಿಕೊಂಡದ್ದೂ ಈ ಕಲ್ಲಿನೊಳಗಿನ ನೀರನ್ನೇ. ಸೈಕಲ್ ಸವಾರನಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಅಂಚಿನಿಂದ ಇಳಿಯುವಾಗ ನಡುವೆ ಎಲ್ಲೋ ಒಂದು ಪಟ್ಟಿ, ಮಳೆ ನಿಂತು ನಾಲ್ಕು ದಿನವಾದರೂ ಹಸಿಯಾಗಿಯೇ ಇರುತ್ತದೆ. ಮೇಲೆಲ್ಲ ಒಣಗಿದೆ ಎಂಬ ಧೈರ್ಯದಲ್ಲಿ ವೇಗವಾಗಿ ಇಳಿದವರು ಬೀಳುವುದು ಅಲ್ಲಿಯೇ. ಕೆಂಪು ಮಾಸಿ ಹಳದಿ-ಬೂದು ಬಣ್ಣಕ್ಕೆ ತಿರುಗಿದ ನುಣುಪು ನೆಲ, ಅದರ ಸುತ್ತ ಮಾತ್ರ ದಟ್ಟವಾಗಿ ಬೆಳೆದ ಹುಲ್ಲು ಕಂಡರೆ ಅದೇ ಪಟ್ಟಿ ಎಂದು ತಿಳಿಯಿರಿ. ಬ್ರೇಕ್ ಅದಕ್ಕೆ ಮುಂಚೆಯೇ ಹಿಡಿದು ವೇಗ ಇಳಿಸಿ. ಪಟ್ಟಿಯ ಮೇಲೆ ಬ್ರೇಕ್ ಬಿಟ್ಟು, ಹ್ಯಾಂಡಲ್ ತಿರುಗಿಸದೆ ನೇರ ದಾಟಿ.

ಇನ್ನು ನಿಮ್ಮ ಸೈಕಲ್ ನಿಲ್ಲಿಸಿದ ಎರಿ, ಅಂದರೆ ಹೊಲದ ಕಪ್ಪು ಮಣ್ಣು. ಕಪ್ಪು ಎರಿಯ ಜೇಡಿಕಣ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದೂ, ಮಳೆಗೆ ಅಂಟಾಗುವುದೂ ಒಂದೇ ಗುಣದ ಎರಡು ಮುಖ. ಅದು ಟೈರಿಗೆ ಅಂಟುತ್ತದೆ, ಅಂಟಿದ್ದಕ್ಕೆ ಮತ್ತೆ ಅಂಟುತ್ತದೆ. ಐವತ್ತು ಮೀಟರ್ ಹೋಗುವುದರಲ್ಲಿ ಟೈರಿನ ಸುತ್ತ ಎರಡು ಬೆರಳು ದಪ್ಪದ ಪದರ ಬೆಳೆದು, ಮುಂದೆ ಫೋರ್ಕಿನ ಕಮಾನಿನ ಕೆಳಗೂ, ಹಿಂದೆ ಪೆಡಲ್ ಅಚ್ಚಿನ ಬೆನ್ನಿಗಿರುವ ಸಂದಿನಲ್ಲೂ ಗಚ್ಚಿನಂತೆ ಬಿಗಿಯುತ್ತದೆ. ಇದಕ್ಕೆ ಯಾವ ಟೈರೂ ಮದ್ದಲ್ಲ. ಹಲ್ಲುಗಳ ನಡುವೆ ಅಂತರ ಹೆಚ್ಚಿರುವ ಕೆಸರು ಟೈರು ಹಾಕಿದರೆ ಇನ್ನೊಂದಿಷ್ಟು ದೂರ ಹೋಗಿ ನಿಲ್ಲುತ್ತೀರಿ, ಅಷ್ಟೇ. ನೆಂದ ಎರಿಯಲ್ಲಿ ಸೈಕಲ್ ಓಡುವುದಿಲ್ಲ. ಎರಡು-ಮೂರು ದಿನ ಬಿಸಿಲು ಬಿದ್ದು ಮೇಲ್ಪದರ ಒಣಗುವವರೆಗೆ ಕಾಯಲೇಬೇಕು.

ಓಡೀತೋ ಇಲ್ಲವೋ ಎಂಬ ಅನುಮಾನ ಬಂದಾಗ ಕಣ್ಣಿಗಿಂತ ಕೈಯನ್ನು ನಂಬಿ. ದಾರಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು, ಹರಳು ಆರಿಸಿ, ಅಂಗೈ ಮೇಲೆ ಇನ್ನೊಂದು ಕೈಯ ಬೆರಳಿನಿಂದ ಬತ್ತಿ ಹೊಸೆದಂತೆ ಹೊಸೆಯಿರಿ. ಊದಿನಕಡ್ಡಿಯಷ್ಟು, ಅಂದರೆ ಸುಮಾರು 3 ಮಿ.ಮೀ. ಸಣ್ಣದಾಗುವವರೆಗೂ ಮುರಿಯದೆ ಬಂದರೆ ಅದು ಚಕ್ರಕ್ಕೆ ಅಂಟುವ ಮಣ್ಣು, ಅಲ್ಲಿಂದಲೇ ಹಿಂದಿರುಗಿ. ಅದಕ್ಕೂ ಮೊದಲೇ ತುಂಡಾಗಿ ಪುಡಿಯಾದರೆ ಮುಂದೆ ಹೋಗಬಹುದು. ಮಣ್ಣಿನ ಪ್ರಯೋಗಾಲಯಗಳಲ್ಲಿ ಜೇಡಿಯ ಜಿಗುಟು ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ. ಅರ್ಧ ನಿಮಿಷದ ಕೆಲಸ, ಮೂರು ಕಿಲೋಮೀಟರ್ ಸೈಕಲ್ ಹೊರುವುದು ತಪ್ಪುತ್ತದೆ.

ಹೀಗಿರುವಾಗ ಮಳೆಗಾಲದಲ್ಲಿ ಸುತ್ತುದಾರಿ ಹಾಕಿಕೊಳ್ಳಬೇಡಿ. ಗುಡ್ಡದ ಮೇಲೆ ಹೋಗಿ ಹೊಲಗಳ ನಡುವೆ ಮರಳುವ ಯೋಜನೆ ಬೇಸಿಗೆಗೆ ಸರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಂಚಿನ ಮೇಲೆ ಹೋದ ದಾರಿಯಲ್ಲೇ ವಾಪಸ್ ಬನ್ನಿ. ಇಳಿಯಲೇಬೇಕಾದರೆ ಡಾಂಬರು ರಸ್ತೆಗೆ ಇಳಿಯಿರಿ. ಎರಿ ಹೊಲದ ದಾರಿ ಬಿಡಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಸಿ ಬದುವಿನ ಮೇಲೆ ಚಕ್ರ ಕೊರೆದ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗಿ ಬದು ಒಡೆಯುತ್ತದೆ. ತೊಗರಿ ಎದ್ದು ನಿಂತ ಹೊಲದಲ್ಲಿ ಅದು ರೈತರಿಗೆ ನಿಜವಾದ ನಷ್ಟ.

ಬೀದರ್ ಬಿಟ್ಟು ಹೋದಾಗಲೂ ಇದೇ ಲೆಕ್ಕ. ಯಾದಗಿರಿ, ಸುರಪುರದ ಗುಡ್ಡಗಳು ಗ್ರಾನೈಟಿನವು. ಒದ್ದೆಯಾದರೂ ಒರಟು ಬಂಡೆ ಹಿಡಿತ ಬಿಡುವುದಿಲ್ಲ. ನೀರು ಹರಿದು ಕಪ್ಪುಗಟ್ಟಿದ ಪಾಚಿಯ ಪಟ್ಟೆಗಳನ್ನು ಮಾತ್ರ ತಪ್ಪಿಸಬೇಕು. ಸೇಡಂ, ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ಚಪ್ಪಡಿ ಇದಕ್ಕೆ ತೀರಾ ಉಲ್ಟಾ. ನೆಂದ ಶಹಾಬಾದ್ ಫರ್ಸಿ ಮೇಲೆ ಬರಿಗಾಲಲ್ಲಿ ನಡೆದವರಿಗೆ ಅದರ ಜಾರಿಕೆ ಹೇಳಬೇಕಾಗಿಲ್ಲ. ಚಿಂಚೋಳಿಯ ಕಾಡುಗುಡ್ಡ ಮಳೆಗಾಲದಲ್ಲಿ ನಮ್ಮ ಭಾಗದ ಅತಿ ಚಂದದ ಜಾಗಗಳಲ್ಲೊಂದು. ಆದರೆ 2011ರಿಂದ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗೆ ಸೈಕಲ್ ಒಯ್ಯುವಂತಿಲ್ಲ.

ಹ್ಯಾಂಗರ್ ಮುರಿದ ವಿಷಯಕ್ಕೆ ಬರೋಣ. ಡಿರೇಲರಿನ ಎರಡು ಪುಟ್ಟ ಹಲ್ಲುಚಕ್ರಗಳ ನಡುವೆ ಕೆಸರಿನ ಜೊತೆ ಹುಲ್ಲು, ಕೂಳೆಕಡ್ಡಿ ಸಿಕ್ಕಿ ಚೈನು ಹರಿಯುವುದು ನಿಲ್ಲುತ್ತದೆ. ನೀವು ತುಳಿಯುತ್ತಲೇ ಇದ್ದರೆ ಹಿಂದಿನ ಗೇರುಗಳು ಚೈನನ್ನು ಎಳೆಯುತ್ತಲೇ ಇರುತ್ತವೆ. ಚೈನು ಜಾರದ್ದರಿಂದ ಇಡೀ ಡಿರೇಲರನ್ನೇ ಹಿಂದಕ್ಕೆ, ಮೇಲಕ್ಕೆ ಎಳೆದು ಕಡ್ಡಿಗಳೊಳಗೆ ನೂಕುತ್ತವೆ. ಹ್ಯಾಂಗರ್ ಮೆದು ಅಲ್ಯೂಮಿನಿಯಂ. ಫ್ರೇಮ್ ಉಳಿಯಲಿ ಎಂದೇ ಅದನ್ನು ಮುರಿಯುವಂತೆ ಮಾಡಿರುತ್ತಾರೆ. ಅದು ತನ್ನ ಕೆಲಸ ಮಾಡಿದೆ.

ಮುಂದೆ ಹೀಗಾಗದಂತೆ ಒಂದೇ ನಿಯಮ ಇಟ್ಟುಕೊಳ್ಳಿ: ಪೆಡಲ್ ಇದ್ದಕ್ಕಿದ್ದಂತೆ ಭಾರವಾದರೆ ಕಾಲಿನ ಬಲ ಹೆಚ್ಚಿಸಬೇಡಿ, ಇಳಿಯಿರಿ. ಟೈರ್ ಲಿವರ್‌ನಿಂದಲೋ ಕಟ್ಟಿಗೆ ಚೂರಿನಿಂದಲೋ ಮೊದಲು ಪುಟ್ಟ ಹಲ್ಲುಚಕ್ರಗಳನ್ನು, ಆಮೇಲೆ ಫೋರ್ಕಿನ ಕೆಳಗನ್ನು, ಕೊನೆಗೆ ಪೆಡಲ್ ಅಚ್ಚಿನ ಹಿಂದಿನ ಸಂದನ್ನು ಕೆರೆದು ತೆಗೆಯಿರಿ. ಪೆಡಲನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿ ನೋಡಿ, ಸಲೀಸಾಗಿ ತಿರುಗಿದರೆ ಮಾತ್ರ ಹತ್ತಿ. ಗಟ್ಟಿ ನೆಲ ಸಿಗುವ ತನಕ ಸೈಕಲ್ಲನ್ನು ಉರುಳಿಸಬೇಡಿ, ಹೆಗಲಿಗೇರಿಸಿ. ಉರುಳಿಸಿದಷ್ಟೂ ಅದು ಮಣ್ಣು ಸುತ್ತಿಕೊಳ್ಳುತ್ತದೆ. ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಕಟ್ಟಿದ್ದರೆ ಕೆಂಪು ಹಾದಿಯಲ್ಲಿ ಅದು ಕಣ್ಣಿಗೆ ಸಿಡಿಯುವ ಕೆಸರು ತಡೆಯುತ್ತದೆ. ಎರಿಯಲ್ಲಿ ಅದೇ ಮಣ್ಣು ಬಿಗಿಯುವ ಇನ್ನೊಂದು ಸಂದಾಗುತ್ತದೆ, ಬಿಚ್ಚಿಬಿಡಿ.

ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ. ಅಂಗಡಿಗೆ ಮುರಿದ ತುಂಡನ್ನೇ ಒಯ್ದು ತೂತುಗಳನ್ನು ತಾಳೆ ನೋಡಿ ತನ್ನಿ. ಎರಡು ತಂದು ಒಂದನ್ನು ಬ್ಯಾಗಿನಲ್ಲೇ ಇಡಿ. ಜೊತೆಗೆ 9 ಸ್ಪೀಡ್ ಚೈನಿನ ತುದಿಗಳನ್ನು ಜೋಡಿಸುವ ಒಂದು ಜೊತೆ ಕ್ವಿಕ್‌ಲಿಂಕ್, ಚೈನ್ ಕಟರ್ ಇರುವ ಮಲ್ಟಿಟೂಲ್, ಎರಡು ಟ್ಯೂಬು, ಪಂಪು, ಒಂದು ಜೊತೆ ಬ್ರೇಕ್ ಪ್ಯಾಡ್, ಒಣ ಬಟ್ಟೆ ಇರಲಿ. ಬದಲಿ ಹ್ಯಾಂಗರ್ ಇಲ್ಲದಾಗ ಮುರಿದರೆ ಡಿರೇಲರ್ ಬಿಚ್ಚಿ, ಚೈನನ್ನು ಹಿಂದಿನ ನಡುವಿನ ಒಂದು ಗೇರಿಗೆ ನೇರ ಸುತ್ತಿ, ಹೆಚ್ಚಾದ ಕೊಂಡಿ ತೆಗೆದು ಕ್ವಿಕ್‌ಲಿಂಕ್‌ನಿಂದ ಜೋಡಿಸಿ. ನಿಧಾನಕ್ಕೆ ತುಳಿದು ಮನೆ ಸೇರಬಹುದು.

ಗಾಳಿಯ ಬಗ್ಗೆ: ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.25 ಟೈರಿಗೆ ಮಳೆಯಲ್ಲಿ ಮುಂದೆ 26ರಿಂದ 28 ಪಿಎಸ್‌ಐ, ಹಿಂದೆ 28ರಿಂದ 30 ಸಾಕು. 25ಕ್ಕಿಂತ ಇಳಿಸಿದರೆ ಹಿಡಿತ ಚೂರು ಹೆಚ್ಚೇನೋ ಹೌದು, ಆದರೆ ಜಂಬಿಟ್ಟಿಗೆಯ ಚೂಪು ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೀಟರನ್ನು ಈ ಸೂಕ್ಷ್ಮಕ್ಕೆ ನಂಬಬೇಡಿ, ಮೀಟರಿರುವ ಸ್ವಂತ ಪಂಪ್ ಬೇಕು. ರಿಮ್ಮೂ ಟೈರೂ ಟ್ಯೂಬ್‌ಲೆಸ್‌ಗೆ ಒಗ್ಗುವಂಥವಾದರೆ ಬದಲಾಯಿಸುವುದು ಒಳ್ಳೆಯದು. ಮುಂದೆ 22, ಹಿಂದೆ 25ಕ್ಕೆ ಇಳಿಯಬಹುದು. ಚಕ್ರಕ್ಕೆ 100 ಮಿ.ಲೀ. ಸೀಲಂಟ್ ಹಾಕಿದರೆ ದಾರಿಯುದ್ದಕ್ಕೂ ಮಳೆನೀರು ಹರಡಿದ ಬಳ್ಳಾರಿ ಜಾಲಿ ಮುಳ್ಳಿನ ತೂತುಗಳು ತಾವಾಗಿಯೇ ಮುಚ್ಚುತ್ತವೆ. ನಮ್ಮ ಸೆಕೆಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ಬ್ರೇಕ್ ಎಲ್ಲಕ್ಕಿಂತ ಗಂಭೀರ. ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ ಎಂದರೆ ಹೆಚ್ಚಾಗಿ ಪ್ಯಾಡ್ ಸವೆದಿರುತ್ತದೆ. ಕೆಂಪು ಗರಸಿನ ಪುಡಿ ನೀರಿನಲ್ಲಿ ಕಲಸಿದರೆ ಉಜ್ಜುಗಾಗದವೇ. ಮೆತ್ತನೆಯ ರೆಸಿನ್ ಪ್ಯಾಡು ಒಂದೇ ದಿನದ ಮಳೆಸವಾರಿಯಲ್ಲಿ ತಳ ಕಾಣುವುದುಂಟು. ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಪ್ಯಾಡಿನ ಉಕ್ಕಿನ ತಗಡಿನ ಮೇಲೆ ಉಳಿದಿರುವ ಪದರ ನೋಡಿ. ಅರ್ಧ ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಿಸಿ. ಮಳೆಗಾಲಕ್ಕೆ ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡೇ ವಾಸಿ. ತುಸು ಸದ್ದು ಮಾಡುತ್ತದೆ, ಆದರೆ ಬಾಳಿಕೆ ಹೆಚ್ಚು. ಕೊಳ್ಳುವ ಮುನ್ನ ಪ್ಯಾಡ್ ಹಿಡಿಯುವ ರೋಟರ್ ತಟ್ಟೆಯ ಮೇಲಿನ ಬರಹ ಓದಿ. ರೆಸಿನ್ ಪ್ಯಾಡ್ ಮಾತ್ರ ಎಂದು ಅಚ್ಚಾಗಿದ್ದರೆ ಸಿಂಟರ್ಡ್ ಹಾಕಬಾರದು, ತಟ್ಟೆ ಮೆದುವಾದ್ದರಿಂದ ಸವೆದುಹೋಗುತ್ತದೆ.

ಕೇಬಲ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಕಡ್ಡಿಗಳ ಕಡೆಯದು ಇದ್ದಲ್ಲೇ ಇರುತ್ತದೆ. ಹೆಚ್ಚಿನವರು ಮಾಡುವ ತಪ್ಪೆಂದರೆ ಪ್ಯಾಡ್ ಸವೆದಂತೆಲ್ಲ ಲಿವರ್ ಬಳಿಯ ತಿರುಪಿನಿಂದ ಕೇಬಲ್ ಬಿಗಿ ಮಾಡುತ್ತ ಹೋಗುವುದು. ಹೀಗೆ ಮಾಡಿದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ತೋಳು ಅರ್ಧ ದಾರಿ ಆಗಲೇ ಸಾಗಿರುತ್ತದೆ. ಗಟ್ಟಿಯಾಗಿ ಹಿಡಿಯಬೇಕಾದ ಹೊತ್ತಿನಲ್ಲಿ ಅದಕ್ಕೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ಸರಿಯಾದ ಕ್ರಮ ಬೇರೆ. ಲಿವರ್ ತಿರುಪನ್ನು ಪೂರ್ತಿ ಒಳಗೆ ಬಿಡಿ. ಕಡ್ಡಿಗಳ ಕಡೆಯ ಪ್ಯಾಡಿನ ತಿರುಪನ್ನು ಪ್ಯಾಡ್ ತಟ್ಟೆಗೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ತನ್ನಿ. ಆಮೇಲೆ ಕೇಬಲ್ ಹಿಡಿಕೆ ಸಡಿಲಿಸಿ, ಸಡಿಲು ಎಳೆದು, ಮತ್ತೆ ಬಿಗಿ ಮಾಡಿ. ಲಿವರ್ ಅರ್ಧ ಎಳೆದಾಗ ಬ್ರೇಕ್ ಹಿಡಿಯಬೇಕು. ದಾರಿಯಲ್ಲಿ ಪ್ಯಾಡ್ ಸವೆದಾಗಲೂ ಮೊದಲು ಕಡ್ಡಿಗಳ ಕಡೆಯ ತಿರುಪು.

ಕಿರುಚುವುದು ಬರೀ ನೀರಿನಿಂದಾದರೆ ನಾಲ್ಕು ಸಲ ಬ್ರೇಕ್ ಹಿಡಿಯುವುದರಲ್ಲಿ ನಿಲ್ಲುತ್ತದೆ. ಒಣಗಿದ ಮೇಲೂ ಕಿರುಚಿದರೆ ತಟ್ಟೆಗೆ ಎಣ್ಣೆ ತಾಗಿರಬಹುದು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ್ದೇ ಬಹಳ ಸಲ ಕಾರಣ. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಿಳಿ ಬಟ್ಟೆ ಅದ್ದಿ, ಕಪ್ಪು ಬರುವುದು ನಿಲ್ಲುವವರೆಗೆ ತಟ್ಟೆ ಒರೆಸಿ. ಎಣ್ಣೆ ಕುಡಿದ ಪ್ಯಾಡನ್ನು ಬೆಂಕಿಗೆ ಹಿಡಿಯುವ, ಉಜ್ಜುವ ಉಪಾಯಗಳಿಂದ ಭರವಸೆಯ ಬ್ರೇಕ್ ಸಿಗುವುದಿಲ್ಲ. ಎಸೆದುಬಿಡಿ. ಹೊಸ ಪ್ಯಾಡ್ ಹಾಕಿ ನೇರ ಗುಡ್ಡಕ್ಕೆ ಹೋಗಬೇಡಿ. ಒಣ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಏರಿ, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಮುಂದಿನದಕ್ಕೆ ಇಪ್ಪತ್ತು ಸಲ, ಹಿಂದಿನದಕ್ಕೆ ಇಪ್ಪತ್ತು ಸಲ. ಪ್ಯಾಡಿನ ತೆಳು ಪದರ ತಟ್ಟೆಗೆ ಕೂತಮೇಲೆಯೇ ಅದು ನೀರಿನಲ್ಲೂ ಹಿಡಿಯುತ್ತದೆ.

ಓಡಿಸುವಾಗ ಸೀಟನ್ನು ಎರಡು ಬೆರಳು ಇಳಿಸಿಕೊಳ್ಳಿ. ಬಂಡಿ ದಾರಿಯಲ್ಲಿ ಗಾಲಿ ಜಾಡೋ, ನಡುವಿನ ಹುಲ್ಲೋ ಎಂದರೆ, ಕೆಂಪು ನೆಲದಲ್ಲಿ ಜಾಡೇ ಒಳ್ಳೆಯದು. ನೀರು ಅಲ್ಲಿಯ ಮಣ್ಣು ತೊಳೆದು ಗರಸು ಉಳಿಸಿರುತ್ತದೆ. ನೆಲ ಕಪ್ಪಾಗುತ್ತಿದ್ದಂತೆ ನಡುವಿನ ಹುಲ್ಲಿಗೆ ಬನ್ನಿ. ತಿರುವಿಗೆ ಮುಂಚೆ ಒಂದೊಂದೇ ಬೆರಳಿನಿಂದ ಎರಡೂ ಬ್ರೇಕ್ ಮೆಲ್ಲಗೆ ತಾಗಿಸಿ ತಟ್ಟೆಯ ನೀರು ಒರೆಸಿ. ತಳ ಕಾಣದ ಕೆಂಪು ನೀರಿನೊಳಗೆ ಹೋಗಬೇಡಿ. ಬೀದರ್ ಸುತ್ತ ಕಲ್ಲು ಕಡಿದು ಬಿಟ್ಟ ಗುಂಡಿಗಳ ಬದಿ ಗೋಡೆಯಂತೆ ನೆಟ್ಟಗಿರುತ್ತದೆ, ಮಳೆಗಾಲದ ಹುಲ್ಲು ಅಂಚನ್ನು ಮುಚ್ಚಿರುತ್ತದೆ. ನೌಬಾದ್ ಬಳಿ ಕರೇಜ್‌ನ ಬಾವಿಬಾಯಿಗಳಿರುವಲ್ಲಿ ಹಾದಿ ಬಿಟ್ಟು ಸರಿಯಬೇಡಿ. ವಾಯುಪಡೆ ನೆಲೆಯ ಬೇಲಿಯುದ್ದಕ್ಕೂ ಸುತ್ತುವುದು, ಫೋಟೊ ತೆಗೆಯುವುದು ಬೇಡವೇ ಬೇಡ. ಹಳ್ಳ ಕದಡಿ ಹರಿಯುತ್ತಿದ್ದರೆ, ನೀರು ಮೊಣಕಾಲು ಮುಟ್ಟುವಂತಿದ್ದರೆ, ಇಳಿಯುವವರೆಗೆ ಈಚೆಯೇ ಕೂರಿ.

ಸಿಡಿಲಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಬಯಲು ಅಂಚಿನ ಮೇಲೆ ಸುತ್ತಲಿನ ಎಲ್ಲಕ್ಕಿಂತ ಎತ್ತರದಲ್ಲಿರುವವರು ನೀವೇ. ಮುಂಗಾರು ಕಾಲಿಡುವಾಗಲೂ ಹಿಂದೆ ಸರಿಯುವಾಗಲೂ ಮಧ್ಯಾಹ್ನದ ಮೇಲೆ ಗುಡುಗು ಹೆಚ್ಚು. ಆ ದಿನಗಳಲ್ಲಿ ಬೆಳಿಗ್ಗೆ ಹೋಗಿ ಹನ್ನೆರಡರೊಳಗೆ ಇಳಿದಿರಬೇಕು. ಮಿಂಚಿದ್ದಕ್ಕೂ ಗುಡುಗಿದ್ದಕ್ಕೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂಚು ಬಿಟ್ಟು ಕೆಳಗಿಳಿಯಿರಿ. ಒಂಟಿ ಮರ, ಪಾಳು ಗುಮ್ಮಟ, ತಗಡಿನ ಚಪ್ಪರ ಆಸರೆಯಲ್ಲ. ಪಕ್ಕಾ ಮನೆ ಇಲ್ಲವೇ ಕಿಟಕಿ ಮುಚ್ಚಿದ ಕಾರು ಆದೀತು. ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಳೆಯದೆ ಮೇಲೆ ಹೋಗಬೇಡಿ.

ಮನೆಗೆ ಬಂದವರು ಸೈಕಲ್ಲನ್ನು ವಾಟರ್ ಸರ್ವಿಸ್ ಅಂಗಡಿಗೆ ಒಯ್ಯುತ್ತಾರೆ. ಆ ಪೈಪಿನ ರಭಸಕ್ಕೆ ಹಬ್ಬು, ಪೆಡಲ್ ಅಚ್ಚು, ಹ್ಯಾಂಡಲ್ ತಿರುಗುವ ಹೆಡ್‌ಸೆಟ್ಟಿನ ಸೀಲು ದಾಟಿ ನೀರು ಗ್ರೀಸಿಗೆ ಸೇರುತ್ತದೆ. ಎರಡು ವಾರದಲ್ಲಿ ಕಿರಕಿರ ಶುರು. ಒಂದು ಬಕೆಟ್ ನೀರು, ಸಣ್ಣ ಮಗ್ಗು, ಹಳೇ ಬ್ರಷ್ ಸಾಕು. ಕೆಸರು ಒಣಗುವ ಮೊದಲೇ ಮೇಲಿಂದ ನೀರು ಸುರಿದು ತೊಳೆಯಿರಿ. ಚೈನಿಗೆ ಚಿಮಣಿ ಎಣ್ಣೆ ಬಳಸುವುದಾದರೆ ಬಟ್ಟೆಗೆ ಹಚ್ಚಿ ಒರೆಸಿ, ಹನಿಯೂ ಬ್ರೇಕ್ ತಟ್ಟೆಗೆ ಹೋಗಬಾರದು. ಸೀಟ್ ಕಂಬ ಕಿತ್ತು ಸೈಕಲ್ ತಲೆಕೆಳಗು ಮಾಡಿದರೆ ಫ್ರೇಮಿನೊಳಗೆ ನಿಂತ ನೀರು ಸುರಿಯುತ್ತದೆ. ಚೈನು ಪೂರ್ತಿ ಒಣಗಿದ ಮೇಲೆ, ಒದ್ದೆ ಹವೆಗೆಂದೇ ಮಾಡಿದ ಲ್ಯೂಬನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಬಟ್ಟೆಯಿಂದ ಒರೆಸಿ. ಮೇಲೆ ಉಳಿದ ಎಣ್ಣೆ ಗರಸು ಹಿಡಿದು ಹಲ್ಲು ತಿನ್ನುತ್ತದೆ. ತಿಂಗಳಿಗೊಮ್ಮೆ ಉಕ್ಕಿನ ಸ್ಕೇಲ್ ಇಟ್ಟು ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಅಳೆಯಿರಿ. ಹೊಸತರಲ್ಲಿ ಅದು 304.8 ಮಿ.ಮೀ. ಇರುತ್ತದೆ. 307 ಮುಟ್ಟಿದ ದಿನ ಚೈನ್ ಬದಲಿಸಿ. ತಡ ಮಾಡಿದರೆ ಹಿಂದಿನ ಗೇರಿನ ಇಡೀ ಗೊಂಚಲನ್ನೇ ಬದಲಿಸಬೇಕಾಗುತ್ತದೆ.